ಮಗಳ ಕೆಮ್ಮು ಮತ್ತು ತಲೆದಿಂಬಿನ ಪಕ್ಕದ ಮೀಟರು

ಮಗಳಿಗೆ ನಾಲ್ಕು ವರ್ಷ ತುಂಬಿದ ಮೇಲೆ, ಮಲಗಿ ಗಂಟೆ ಕಳೆಯುವುದರೊಳಗೆ ಕೆಮ್ಮು ಶುರುವಾಗುತ್ತಿತ್ತು. ಬೆನ್ನಿಗೆ ಕಿವಿಯಿಟ್ಟರೆ ಸುಂಯ್ ಎನ್ನುವ ಸಣ್ಣ ಸದ್ದು. ವೈದ್ಯರು ಉಬ್ಬಸದ ಲಕ್ಷಣವೆಂದು ಇನ್‌ಹೇಲರ್ ಬರೆದುಕೊಟ್ಟರು. ನಾವು ಹೊರಡುವಾಗ, "ಮನೆಯೊಳಗೆ ಏನೇನು ಉರಿಯುತ್ತದೆ, ಒಮ್ಮೆ ಗಮನಿಸಿ" ಎಂದರು. ಹೊಗೆ ಎಂದರೆ ಬೀದಿಯದು, ಕಿಟಕಿ ಮುಚ್ಚಿದರೆ ಮಗು ಕ್ಷೇಮ ಎಂದು ಅದುವರೆಗೆ ನಂಬಿದ್ದವಳು ನಾನು.

ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಸೂಕ್ಷ್ಮಕಣಗಳನ್ನು ಅಳೆಯುವ ಚಿಕ್ಕ ಮೀಟರೊಂದನ್ನು ಕೊಂಡು ಅವಳ ತಲೆದಿಂಬಿನ ಎತ್ತರಕ್ಕೆ ಇಟ್ಟೆ. ಎರಡೂವರೆ ಮೈಕ್ರೋಮೀಟರಿಗಿಂತ ಸಣ್ಣದಾದ ಈ ಕಣಗಳು ಮೂಗು, ಗಂಟಲುಗಳಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮೊದಲ ಎರಡು ವಾರ ಏನನ್ನೂ ಬದಲಿಸದೆ ಬರೆದಿಡುವುದಷ್ಟೇ ಕೆಲಸ: ಗಂಟೆ, ಅಂಕಿ, ಆಗ ಮನೆಯಲ್ಲಿ ನಡೆಯುತ್ತಿದ್ದ ಕೆಲಸ, ರಾತ್ರಿ ಕೆಮ್ಮಿದಳೇ ಇಲ್ಲವೇ.

ಬಾಣಲೆ ಕಾದಾಗ ಅಡುಗೆಮನೆಯಲ್ಲಿ ಅಂಕಿ 300 ದಾಟಿದ್ದು ನನಗೆ ಅಚ್ಚರಿಯೆನಿಸಲಿಲ್ಲ. ಆದರೆ ಒಲೆ ಆರಿಸಿ ಅರ್ಧ ಗಂಟೆಯಾದ ಮೇಲೆ ಅವಳ ಕೋಣೆಯಲ್ಲಿ 120 ಕಂಡಾಗ ಎದೆ ಧಸಕ್ಕೆಂದಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ, 24 ಗಂಟೆಗಳ ಸರಾಸರಿಯಲ್ಲಿ ಘನ ಮೀಟರಿಗೆ 15 ಮೈಕ್ರೋಗ್ರಾಂ. ಹೊಗೆ ಮೆಲ್ಲನೆ ಆ ಕೋಣೆ ಸೇರುತ್ತಿತ್ತು, ಆಮೇಲೆ ನಾವು ಮಗುವನ್ನು ಮಲಗಿಸಿ ಬಾಗಿಲು, ಕಿಟಕಿ ಎರಡನ್ನೂ ಮುಚ್ಚುತ್ತಿದ್ದೆವು. ಅಂಕಿ ಇಳಿಯುವಷ್ಟರಲ್ಲಿ ನಡುರಾತ್ರಿ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಸೇದುತ್ತಾರೆ. ಅವರ ಶ್ವಾಸನಾಳ ಕಿರಿದು, ಒಳಗೋಡೆ ತುಸು ಊದಿದರೂ ದಾರಿ ಕಟ್ಟುತ್ತದೆ.

ಎಕ್ಸಾಸ್ಟ್ ಫ್ಯಾನ್ ಮನೆಯಲ್ಲಿ ಮೊದಲೇ ಇತ್ತು. ಘಾಟು ಮೂಗಿಗೆ ಬಡಿದ ಮೇಲೆ ಹಾಕುತ್ತಿದ್ದೆವು, ಅಷ್ಟೆ. ಈಗ ಒಲೆ ಹಚ್ಚುವ ಮೊದಲೇ ಹಾಕಿ, ಆರಿಸಿದ ಮೇಲೂ ಕಾಲು ಗಂಟೆ ಬಿಡುತ್ತೇವೆ. ಹೊಸ ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಫ್ಯಾನ್ ಎಳೆಯುವುದಿಲ್ಲ ಎನ್ನುವುದು ನಾನು ತಡವಾಗಿ ಕಲಿತ ಪಾಠ. ಆದ್ದರಿಂದ ಎದುರಿನ ಕಿಟಕಿಯನ್ನು ತೆರೆದು, ಮಗಳ ಕೋಣೆಯ ಬಾಗಿಲನ್ನು ಅಡುಗೆ ಮುಗಿಯುವವರೆಗೆ ಮುಚ್ಚಿಡುತ್ತೇವೆ. ಕೊಂಡು ತಂದದ್ದು ಏನೂ ಇಲ್ಲ. ಒಂದೇ ವಾರದಲ್ಲಿ ಕೋಣೆಯ ಅಂಕಿ 40ರ ಕೆಳಗಿಳಿಯಿತು.

ಸೊಳ್ಳೆಬತ್ತಿಯ ಜಾಗಕ್ಕೆ ಸೊಳ್ಳೆಪರದೆ ಬಂತು. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮಕಣ ಹೊಮ್ಮುತ್ತದೆಂದು ಅಳೆದು ತೋರಿಸಿದ್ದಾರೆ. ಅದನ್ನು ಮಗುವಿನ ಮಂಚದ ಕೆಳಗೆ ಇಡುತ್ತಿದ್ದೆ ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಪರಿಮಳದ ಸ್ಪ್ರೇಗಳನ್ನೂ ಬಿಟ್ಟೆವು. ಮನೆಗೆ ಬರುತ್ತಿದ್ದ ಭಾವನಿಗೆ ಹೇಳುವುದು ಮಾತ್ರ ಕಷ್ಟವಾಗಿತ್ತು. "ಭಾವ, ಹೊರಗೆ ಸೇದಿ ಬಂದರೂ ಅದು ಬಟ್ಟೆಯಲ್ಲಿ ಉಳಿದಿರುತ್ತದೆ. ಅಂಗಿ ಬದಲಿಸಿ ಅವಳನ್ನು ಎತ್ತಿಕೊಳ್ಳಿ" ಎಂದೆ. ಅವರು ಬೇಸರಪಡಲಿಲ್ಲ.

ಒಣ ಪೊರಕೆಯ ಗುಡಿಸುವಿಕೆ ನಿಂತಿತು. ಅವಳು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸುತ್ತೇವೆ.

ಸೂಕ್ಷ್ಮಕಣಗಳನ್ನು ಹಿಡಿಯುವ ಹೆಪಾ ಫಿಲ್ಟರಿನ ಗಾಳಿಶೋಧಕವನ್ನು ತಂದದ್ದು ಇವೆಲ್ಲ ಆದ ಮೇಲೆ, ಕೋಣೆಯ ಅಳತೆಗೆ ತಕ್ಕದ್ದನ್ನು ನೋಡಿ. ಓಝೋನ್ ಹೊಮ್ಮಿಸುವಂಥದ್ದು ಬೇಡವೆಂದು ಮೊದಲೇ ನಿರ್ಧರಿಸಿದ್ದೆ, ಅದೇ ಶ್ವಾಸನಾಳವನ್ನು ಕೆರಳಿಸುತ್ತದೆ. ಆದರೆ ಗ್ಯಾಸ್ ಒಲೆಯ ಉರಿಯಿಂದ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಅನಿಲವನ್ನು ಹೆಪಾ ಹಿಡಿಯುವುದಿಲ್ಲ, ನನ್ನ ಮೀಟರು ತೋರಿಸುವುದೂ ಇಲ್ಲ. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡಿನ ಕಥೆಯೂ ಅದೇ. ಅಂಕಿ ಚೆನ್ನಾಗಿದೆಯೆಂದು ಕಿಟಕಿ ಮುಚ್ಚಿ ಕೂರುವ ಹಾಗಿಲ್ಲ. ಇನ್ನೊಂದು ಕಡೆ, ಸ್ನಾನದ ಮನೆಯ ಹಬೆಗೂ ಮೀಟರು ಸುಳ್ಳೇ ಏರುತ್ತದೆ. ಮೊದಲ ಸಲ ಅದನ್ನು ಕಂಡು ಮನೆಯೆಲ್ಲ ಹುಡುಕಾಡಿದ್ದೆ.

ವಾರಕ್ಕೆ ಐದು ರಾತ್ರಿ ಕೆಮ್ಮುತ್ತಿದ್ದವಳು ಮೂರು ತಿಂಗಳಲ್ಲಿ ಒಂದಕ್ಕೆ ಇಳಿದಳೆಂದು ನನ್ನ ಪುಸ್ತಕ ಹೇಳುತ್ತದೆ. ಆ ನಡುವೆ ಋತುವೂ ಬದಲಾಗಿತ್ತು, ಔಷಧಿಯೂ ನಡೆದಿತ್ತು. ಎಲ್ಲ ಶ್ರೇಯಸ್ಸನ್ನು ಗಾಳಿಗೇ ಕೊಡಲಾರೆ. ವೈದ್ಯರು ಹೇಳದೆ ಇನ್‌ಹೇಲರನ್ನು ಒಂದು ದಿನವೂ ತಪ್ಪಿಸಲಿಲ್ಲ. ಒಂದರಿಂದ ಐದು ವರ್ಷದ ಮಗು ಸುಮ್ಮನಿದ್ದಾಗಲೂ ನಿಮಿಷಕ್ಕೆ 40 ಬಾರಿ ಅಥವಾ ಹೆಚ್ಚು ಉಸಿರಾಡಿದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋದರೆ, ಮೀಟರು ನೋಡುತ್ತ ಕೂರಬಾರದು, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಕಳೆದ ತಿಂಗಳು ಅವಳ ಬಟ್ಟೆಯ ಬೀರುವನ್ನು ಸರಿಸಿದಾಗ ಹಿಂದಿನ ಗೋಡೆಯಲ್ಲಿ ಅಂಗೈಯಗಲ ಕಪ್ಪು ಬೂಷ್ಟು ಕಂಡಿತು. ಪೈಪೊಂದು ಒಳಗೊಳಗೇ ಸೋರುತ್ತಿತ್ತು. ಪೈಪು ರಿಪೇರಿಯಾಗಿದೆ, ಗಾರೆ ಕೆತ್ತಿದ್ದೇವೆ. ಗೋಡೆ ಪೂರ್ತಿ ಒಣಗುವವರೆಗೆ ಅವಳ ಹಾಸಿಗೆ ನಮ್ಮ ಕೋಣೆಯಲ್ಲಿದೆ.