ಪೇಟೆಂಟ್ ಲೆದರ್ ಶೂ ಮೇಲಿನ ಗೀರು, ಕಪ್ಪು ಗುರುತು ತೆಗೆಯುವುದು ಹೇಗೆ?

ಆರತಕ್ಷತೆಗೆ ಸೂಟಿನ ಜೊತೆ, ಜನವರಿ 26ರ ಪರೇಡಿನಲ್ಲಿ ಬ್ಯಾಂಡ್ ಸೆಟ್ಟಿನ ಮಕ್ಕಳ ಕಾಲಿಗೆ, ಹೋಟೆಲ್ ರಿಸೆಪ್ಷನ್ನಿನ ಯೂನಿಫಾರ್ಮಿಗೆ. ಪೇಟೆಂಟ್ ಲೆದರ್ ಶೂ ಬೇಕಾಗುವ ಸಂದರ್ಭಗಳೆಲ್ಲ ನಾಲ್ಕು ಜನ ನೋಡುವಂಥವೇ. ಹಾಗಾಗಿ ಅದರ ಮೇಲೆ ಬಿದ್ದ ಒಂದು ಸಣ್ಣ ಕಪ್ಪು ಗೆರೆಯೂ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಮಾಮೂಲಿ ಶೂಗೆ ಮಾಡುವಂತೆ ಪಾಲಿಶ್ ಬಳಿದು ಬ್ರಷ್ ಆಡಿಸಿದರೆ ಗೆರೆ ಹೋಗುವುದಿಲ್ಲ, ಇಡೀ ಶೂ ಮಂಕಾಗುತ್ತದೆ. ಈ ಶೂಗಳು ಗೀರು ಬಿದ್ದು ಹಾಳಾಗುವುದಕ್ಕಿಂತ ಗೀರು ತೆಗೆಯಲು ಹೋಗಿ ಹಾಳಾಗುವುದೇ ಹೆಚ್ಚು.

ಕಾರಣ ಅದರ ರಚನೆಯಲ್ಲೇ ಇದೆ. ಪೇಟೆಂಟ್ ಲೆದರ್ ಅಂದರೆ ಚರ್ಮದ ಮೇಲೆ ಹೊಳಪಿನ ಪದರ ಕೂರಿಸಿದ ವಸ್ತು. 1819ರ ಸುಮಾರಿಗೆ ಅಮೆರಿಕದ ನ್ಯೂಆರ್ಕ್‌ನಲ್ಲಿ ಸೇತ್ ಬಾಯ್ಡನ್ ಇದನ್ನು ತಯಾರಿಸಿ ಮಾರಲು ಶುರುಮಾಡಿದ ಕಾಲಕ್ಕೆ ಆ ಪದರ ಅಗಸೆ ಎಣ್ಣೆಯಿಂದ ಮಾಡಿದ ವಾರ್ನಿಷ್ ಆಗಿತ್ತು. ಈಗಿನದು ಹೆಚ್ಚಾಗಿ ಪಾಲಿಯುರೆಥೇನ್ (ಪಿಯು), ಅಂದರೆ ಪ್ಲಾಸ್ಟಿಕ್. ಕಡಿಮೆ ಬೆಲೆಯ ಶೂಗಳಲ್ಲಿ ಕೆಳಗೆ ಚರ್ಮವೂ ಇರುವುದಿಲ್ಲ, ಬಟ್ಟೆಯ ಮೇಲೆ ಪಿಯು ಅಥವಾ ಪಿವಿಸಿ ಹಾಳೆ ಅಂಟಿಸಿರುತ್ತಾರೆ. ಅಸಲಿ ಇರಲಿ, ನಕಲಿ ಇರಲಿ, ನಿಮ್ಮ ಕೈ ತಾಗುವುದು ಪ್ಲಾಸ್ಟಿಕ್ಕಿಗೆ. ಪಾಲಿಶಿನ ಮೇಣ ಅದರೊಳಗೆ ಇಳಿಯುವುದಿಲ್ಲ. ಮೇಲೆಯೇ ಕೂತು ಧೂಳು ಹಿಡಿದು, ಮಡಿಕೆಗಳಲ್ಲಿ ಕರ್ರಗೆ ಸೇರಿಕೊಳ್ಳುತ್ತದೆ.

ಮೊದಲು ಯಾವ ಗುರುತು ಅಂತ ನೋಡಿ

ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ಶೂ ಓರೆಯಾಗಿ ಹಿಡಿದು ನೋಡಿ. ಗುರುತಿನ ಮೇಲೆ ಉಗುರನ್ನು ಅಡ್ಡಲಾಗಿ, ಭಾರ ಹಾಕದೆ ಎಳೆಯಿರಿ.

ಉಗುರು ಎಲ್ಲೂ ಸಿಕ್ಕದೆ ಜಾರಿದರೆ ಅದು ಗೀರಲ್ಲ. ಬೇರೆ ಏನೋ ಉಜ್ಜಿ, ಅದರ ರಬ್ಬರೋ ಬಣ್ಣವೋ ಪದರದ ಮೇಲೆ ಅಂಟಿದೆ. ಎಡಗಾಲಿನ ಶೂ ತುದಿಯ ಮೇಲ್ಭಾಗದಲ್ಲಿರುವ ಕಪ್ಪು ಪಟ್ಟೆ ಬೈಕಿನ ಗೇರ್ ಲಿವರಿನ ರಬ್ಬರಿನದು. ಪಕ್ಕದ ಗುರುತುಗಳು ಬಸ್ಸಿನ ಫುಟ್‌ಬೋರ್ಡಿನಲ್ಲಿ ಇನ್ನೊಬ್ಬರ ಚಪ್ಪಲಿ ತಾಗಿದ್ದೋ, ಕಲ್ಯಾಣ ಮಂಟಪದ ಬಾಗಿಲಲ್ಲಿ ಬಿಟ್ಟಾಗ ರಾಶಿಯಲ್ಲಿ ತುಳಿಸಿಕೊಂಡಿದ್ದೋ ಆಗಿರುತ್ತವೆ. ಕಾಣುವ ಗುರುತುಗಳಲ್ಲಿ ಬಹುಪಾಲು ಈ ಜಾತಿಯವೇ, ಪೂರ್ತಿ ಹೋಗುವಂಥವು.

ಉಗುರು ಸಣ್ಣಗೆ ತಡೆದರೆ ಪದರ ಕೊರೆದಿದೆ ಅಂತ ಅರ್ಥ. ಎಷ್ಟು ಆಳ ಅಂತ ತಿಳಿಯಲು ಅದರ ಮೇಲೆ ಒಂದು ಹನಿ ನೀರು ಸವರಿ. ಒದ್ದೆ ಇರುವವರೆಗೆ ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಮೇಲುಮೇಲಿನದು. ಅದನ್ನು ಮರೆಮಾಡಬಹುದು. ಒದ್ದೆಯಾದರೂ ಬೆಳ್ಳಗೋ ಕಂದಾಗೋ ಕಂಡರೆ ಪದರ ದಾಟಿ ಕೆಳಗಿನ ಚರ್ಮ ಅಥವಾ ಬಟ್ಟೆ ಹೊರಬಿದ್ದಿದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಬಣ್ಣ ಕೊಡಬೇಕಷ್ಟೆ.

ಇನ್ನೊಂದು ಬಗೆಯಿದೆ: ಮುಟ್ಟಿದರೆ ನುಣುಪು, ಆದರೆ ಅಂಚಿಲ್ಲದ ನೆರಳಿನಂಥ ಕಲೆ. ಬಿಳಿ, ಕ್ರೀಮ್, ತಿಳಿ ಗುಲಾಬಿ ಶೂಗಳಲ್ಲಿ ಇದು ಸಾಮಾನ್ಯ. ಹೊಸ ಜೀನ್ಸಿನ ನೀಲಿ, ಪಕ್ಕದಲ್ಲಿಟ್ಟ ಕಪ್ಪು ಶೂವಿನ ಬಣ್ಣ, ಸುತ್ತಿಟ್ಟ ಪತ್ರಿಕೆಯ ಶಾಯಿ ಪದರದ ಒಳಕ್ಕೇ ಇಳಿದಿರುತ್ತದೆ. ಒಂದೆರಡು ದಿನದ್ದಾದರೆ ಕೊಂಚ ತೆಳುವಾದೀತು. ಹಳೆಯದಾದರೆ ಅದರ ಆಸೆ ಬಿಟ್ಟು ಶೂ ಉಳಿಸಿಕೊಳ್ಳುವುದು ಒಳ್ಳೆಯದು.

ಬೇಕಾಗುವ ಸಾಮಾನು

ಹಳೆಯ ಬನಿಯನ್ ಬಟ್ಟೆ ಅಥವಾ ಮೈಕ್ರೋಫೈಬರ್ ಬಟ್ಟೆಯ ಮೂರು ತುಂಡು, ಇಯರ್ ಬಡ್ಸ್, ಮಕ್ಕಳು ಪೆನ್ಸಿಲ್ ಅಳಿಸುವ ಬಿಳಿಯ ಮೆತ್ತನೆ ರಬ್ಬರ್, ಪೆಟ್ರೋಲಿಯಂ ಜೆಲ್ಲಿ, ಬೇಬಿ ಶಾಂಪೂ, ಬೇಬಿ ಆಯಿಲ್. ಕೊನೆಯ ಅಸ್ತ್ರವಾಗಿ ಮೆಡಿಕಲ್ ಶಾಪಿನಲ್ಲಿ ಸಿಗುವ 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್ (ಮುಂದೆ ಸ್ಪಿರಿಟ್ ಅಂದರೆ ಇದೇ). ಅದರ ಬದಲಿಗೆ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಜೆಲ್ ಮತ್ತು ಸುಗಂಧ ಒಣಗಿ ಮೇಲೆ ಪೊರೆ ಕಟ್ಟುತ್ತವೆ. ಬಣ್ಣದ ರಬ್ಬರೂ ಬೇಡ, ಅದರ ಬಣ್ಣವೇ ಶೂಗೆ ಹತ್ತುತ್ತದೆ.

ಧೂಳು ಬಿಡಿಸುವುದು

ಈ ಹಂತವನ್ನು ಹಾರಿಸಬೇಡಿ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಒಣ ಬಟ್ಟೆಯಿಂದ ಒತ್ತಿ ಒರೆಸಿದರೆ ಆ ಕಣಗಳೇ ಪದರದ ತುಂಬ ಕೂದಲೆಳೆಯಂಥ ಗೀರು ಎಳೆಯುತ್ತವೆ. ಅವು ಒಂದೊಂದಾಗಿ ಕಾಣುವುದಿಲ್ಲ, ಎಲ್ಲ ಸೇರಿ ಹೊಳಪು ತಿನ್ನುತ್ತವೆ. ಮೊದಲು ಉಫ್ ಅಂತ ಊದಿ, ಇಲ್ಲವೇ ಮೆತ್ತನೆಯ ಬ್ರಷ್‌ನಿಂದ ಝಾಡಿಸಿ. ಆಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಎರಡು ಮೂರು ಹನಿ ಬೇಬಿ ಶಾಂಪೂ ಹಾಕಿ, ಬಟ್ಟೆ ಅದ್ದಿ, ನೀರು ತೊಟ್ಟಿಕ್ಕದಂತೆ ಹಿಂಡಿ, ಒಂದೇ ದಿಕ್ಕಿಗೆ ಒರೆಸಿ. ಹೊಲಿಗೆಯ ಸಾಲು ಮತ್ತು ಸೋಲ್ ಕೂಡುವ ಅಂಚಿನಲ್ಲಿ ಇಯರ್ ಬಡ್ ಆಡಿಸಿ, ಮಣ್ಣು ಕೂರುವುದೇ ಅಲ್ಲಿ. ಬರೀ ನೀರಿನಲ್ಲಿ ಅದ್ದಿದ ಇನ್ನೊಂದು ತುಂಡಿನಿಂದ ಸೋಪು ತೆಗೆದು, ಒಣ ಬಟ್ಟೆಯಿಂದ ಒತ್ತಿ ತೇವ ಹೀರಿಸಿ. ಹತ್ತು ನಿಮಿಷ ಫ್ಯಾನ್ ಗಾಳಿಗಿಡಿ.

ಉಜ್ಜಿದ ಗುರುತು ತೆಗೆಯುವುದು

ಕ್ರಮ ಇಷ್ಟೆ: ಮೊದಲು ರಬ್ಬರ್, ಅದಕ್ಕೆ ಬಗ್ಗದಿದ್ದರೆ ಜೆಲ್ಲಿ, ಅದಕ್ಕೂ ಬಗ್ಗದಿದ್ದರೆ ಸ್ಪಿರಿಟ್. ಸಮಯ ಉಳಿಸಲು ನೇರವಾಗಿ ಸ್ಪಿರಿಟ್ಟಿಗೆ ಹೋಗಬೇಡಿ.

ರಬ್ಬರಿನ ಹೊಸ ಮೂಲೆಯನ್ನು ಗುರುತಿನ ಮೇಲಿಟ್ಟು ಗೆರೆಯ ಉದ್ದಕ್ಕೆ ಹಗುರವಾಗಿ ಎಳೆಯಿರಿ. ಹತ್ತು ಹದಿನೈದು ಎಳೆತಕ್ಕೆ ಕಪ್ಪು ಪುಡಿ ಉದುರಲು ಶುರುವಾಗಬೇಕು. ಪುಡಿಯನ್ನು ಊದಿ ತೆಗೆಯಿರಿ, ಅದನ್ನೇ ಇಟ್ಟುಕೊಂಡು ಉಜ್ಜಬೇಡಿ. ರಬ್ಬರಿನ ತುದಿ ಕಪ್ಪಾದರೆ ಕಾಗದದ ಮೇಲೆ ಉಜ್ಜಿ ಬಿಳಿ ಮಾಡಿಕೊಳ್ಳಿ. ಜೋರಾಗಿ ಉಜ್ಜಿದರೆ ಬಿಸಿಯಾಗಿ ಹೊಳಪು ಕಳೆಯುತ್ತದೆ. ಗೇರ್ ಲಿವರಿನ ಪಟ್ಟೆ ಹಲವು ಸಲ ಇಲ್ಲಿಗೇ ಮುಗಿಯುತ್ತದೆ.

ಉಳಿದಿದ್ದಕ್ಕೆ ಪೆಟ್ರೋಲಿಯಂ ಜೆಲ್ಲಿ. ಅರ್ಧ ಕಡಲೆಕಾಳಿನಷ್ಟು ಸಾಕು. ಇಯರ್ ಬಡ್‌ನಲ್ಲಿ ತೆಗೆದುಕೊಂಡು ಗುರುತಿನ ಮೇಲೆ ಸಣ್ಣ ಸುತ್ತುಗಳಲ್ಲಿ ಒಂದು ನಿಮಿಷ ತಿಕ್ಕಿ, ಐದು ನಿಮಿಷ ಹಾಗೇ ಬಿಡಿ. ಜಿಡ್ಡು ರಬ್ಬರಿನ ಅಂಟನ್ನು ಸಡಿಲ ಮಾಡುತ್ತದೆ, ಪದರಕ್ಕೆ ಏನೂ ಮಾಡುವುದಿಲ್ಲ. ಹೊಸ ಬಡ್‌ನಿಂದ ಮತ್ತೆ ತಿಕ್ಕಿ, ಬಟ್ಟೆಯಿಂದ ಪೂರ್ತಿ ಒರೆಸಿ. ಬಡ್ಡಿನ ತುದಿ ಕಪ್ಪಾಗುತ್ತಿರುವಷ್ಟು ಕಾಲ ಇದನ್ನೇ ಮುಂದುವರಿಸಬಹುದು. ತಾಳ್ಮೆಯಿದ್ದರೆ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆಯುವ ಪ್ರಮೇಯವೇ ಬರದು.

ಸ್ಪಿರಿಟ್ ಮುಟ್ಟುವ ಮುನ್ನ ಜಿಡ್ಡನ್ನು ಸೋಪು ನೀರಿನಿಂದ ತೆಗೆದಿರಬೇಕು. ಶೂವಿನ ಒಳಬದಿಯಲ್ಲಿ, ಎರಡೂ ಪಾದ ಎದುರುಬದುರಾಗುವ ಕಡೆ, ಹಿಮ್ಮಡಿಯ ಹತ್ತಿರ ಸ್ಪಿರಿಟ್ ತಾಗಿಸಿ ಐದು ನಿಮಿಷ ಕಾಯಿರಿ. ಅಲ್ಲಿ ಮಸುಕು ಮೂಡಿದರೆ, ಬೆರಳಿಗೆ ಅಂಟು ಅನಿಸಿದರೆ, ಬಡ್ಡಿಗೆ ಶೂವಿನದೇ ಬಣ್ಣ ಬಂದರೆ ಆ ಶೂಗೆ ಸ್ಪಿರಿಟ್ ಬೇಡ. ಏನೂ ಆಗದಿದ್ದರೆ ಬಡ್ಡನ್ನು ಅದ್ದಿ, ಬಟ್ಟೆಗೆ ಒಮ್ಮೆ ಒತ್ತಿ ಹೆಚ್ಚಿನದನ್ನು ತೆಗೆದು, ಗುರುತಿನ ಮೇಲೆ ಮಾತ್ರ ಮೂರು ನಾಲ್ಕು ಸೆಕೆಂಡು ಸವರಿ ತಕ್ಷಣ ಒಣ ಬಟ್ಟೆಯಿಂದ ಒರೆಸಿ. ಎರಡು ನಿಮಿಷ ಬಿಟ್ಟು ಮತ್ತೊಮ್ಮೆ. ಮೂರು ಸಲಕ್ಕೆ ಹೋಗದ್ದು ನಾಲ್ಕನೆಯದಕ್ಕೂ ಹೋಗುವುದಿಲ್ಲ, ಹೊಳಪು ಹೋಗುತ್ತದೆ. ಬಣ್ಣದ ದಾರದ ಹೊಲಿಗೆಯಿಂದ ದೂರವಿರಿ, ದಾರದ ಬಣ್ಣ ಬಿಟ್ಟುಕೊಳ್ಳಬಹುದು. ಒಳಗಿನ ಚಿನ್ನದ ಅಕ್ಷರದ ಮೊಹರಿಗೂ ತಾಗದಿರಲಿ, ಅಳಿಸಿಹೋಗುತ್ತದೆ.

ಕೊನೆಗೆ ಒಂದು ಶೂಗೆ ಎರಡು ಹನಿ ಬೇಬಿ ಆಯಿಲ್ ಅನ್ನು ಬಟ್ಟೆಗೆ ಹಾಕಿ, ಶೂಗೆಲ್ಲ ತೆಳುವಾಗಿ ಸವರಿ, ಒಣ ತುಂಡಿನಿಂದ ಹೊಳೆಯುವವರೆಗೆ ಉಜ್ಜಿ. ಸಣ್ಣ ಗೀರುಗಳಲ್ಲಿ ಎಣ್ಣೆ ತುಂಬಿಕೊಂಡು ಅವು ಕಾಣದಾಗುತ್ತವೆ, ನೀರಿನ ಹನಿಗೆ ಮಾಯವಾದ ಗೀರುಗಳಿಗೆ ಇಷ್ಟೇ ಚಿಕಿತ್ಸೆ. ಶಾಶ್ವತವಲ್ಲ, ಸಮಾರಂಭದ ದಿನ ಬೆಳಿಗ್ಗೆ ಮತ್ತೆ ಮಾಡಬೇಕು. ತೆಂಗಿನೆಣ್ಣೆ ಯಾಕಾಗದು ಅಂದರೆ, ಚಿಕ್ಕಮಗಳೂರಿನ ಚಳಿಗೆ ಅದು ಹೆಪ್ಪುಗಟ್ಟಿ ಬೆಳ್ಳಗಾಗುತ್ತದೆ, ಸೆಕೆಗೆ ಕರಗಿ ಧೂಳು ಅಂಟಿಸಿಕೊಂಡು ಕಮಟು ವಾಸನೆ ಬರುತ್ತದೆ.

ಆಳದ ಗೀರು, ಬಿರುಕು

ಕಪ್ಪು ಶೂವಿನಲ್ಲಿ ತಳ ಕಾಣುವ ಗೀರಿಗೆ ಕಪ್ಪು ಪರ್ಮನೆಂಟ್ ಮಾರ್ಕರ್ ನಡೆಯುತ್ತದೆ. ಮೊದಲು ಕಾಗದದ ಮೇಲೆ ಎಳೆದು ನೋಡಿ, ಕೆಲವು ಮಾರ್ಕರುಗಳು ಬೆಳಕಿನಲ್ಲಿ ನೇರಳೆ ಛಾಯೆ ಕೊಡುತ್ತವೆ. ಗೀರಿನ ಒಳಗೆ ಮಾತ್ರ ತುಂಬಿ, ಅಂಚಿಗೆ ಹತ್ತಿದ್ದನ್ನು ಕೂಡಲೇ ಒರೆಸಿ, ಒಂದು ಗಂಟೆ ಒಣಗಲು ಬಿಡಿ. ಮೇಲೆ ಹೊಳಪು ಬೇಕಿದ್ದರೆ ಬಣ್ಣವಿಲ್ಲದ ನೇಲ್ ಪಾಲಿಶ್ ಅನ್ನು ಟೂತ್‌ಪಿಕ್ ತುದಿಯಲ್ಲಿ ತೆಗೆದು ಗೀರಿನೊಳಗೆ ಹರಿಸಿ. ಅದರದೇ ಬ್ರಷ್‌ನಿಂದ ಬಳಿದರೆ ಅದರಲ್ಲಿರುವ ದ್ರಾವಕ ಸುತ್ತಲಿನ ಪದರವನ್ನೂ ಮೆತ್ತಗೆ ಮಾಡಿ ಅಲೆ ಎಬ್ಬಿಸುತ್ತದೆ. ರಾತ್ರಿಯಿಡೀ ಒಣಗಲಿ. ಇದು ಶೂ ತುದಿಗೆ, ಹಿಮ್ಮಡಿಗೆ ಸರಿ. ಬೆರಳಿನ ಬುಡದಲ್ಲಿ ಶೂ ಮಡಚುವ ಕಡೆ ಹಾಕಿದರೆ ನೇಲ್ ಪಾಲಿಶ್ ಬಾಗಲಾರದೆ ನಡೆದ ಮೊದಲ ದಿನವೇ ಚೂರು ಚೂರಾಗಿ ಏಳುತ್ತದೆ.

ಆ ಮಡಿಕೆಯಲ್ಲೇ ಪದರ ಬಿರುಕು ಬಿಟ್ಟಿದ್ದರೆ ಅದನ್ನು ಮತ್ತೆ ಬೆಸೆಯುವ ಉಪಾಯವಿಲ್ಲ.

ಇವನ್ನು ಹಚ್ಚಬೇಡಿ

ನೇಲ್ ಪಾಲಿಶ್ ರಿಮೂವರ್: ಅಸಿಟೋನ್ ಪದರವನ್ನೇ ತಿನ್ನುತ್ತದೆ. ‘ಅಸಿಟೋನ್ ಇಲ್ಲ’ ಅಂತ ಬರೆದಿರುವುದರಲ್ಲೂ ಬಹಳ ಸಲ ಈಥೈಲ್ ಅಸಿಟೇಟ್ ಇರುತ್ತದೆ, ಅದೂ ಅದೇ ಕೆಲಸ ಮಾಡುತ್ತದೆ. ಥಿನ್ನರ್, ಪೆಟ್ರೋಲ್ ಕೂಡ ಅಷ್ಟೇ. ಟೂತ್‌ಪೇಸ್ಟ್, ಅಡುಗೆ ಸೋಡಾ, ಪಾತ್ರೆ ತಿಕ್ಕುವ ಸ್ಕ್ರಬ್ಬರಿನ ಹಸಿರು ಮುಖ ಇವೆಲ್ಲ ಉಜ್ಜಿ ಸವೆಸುವಂಥವು: ಗುರುತು ಹೋದ ಜಾಗದಲ್ಲಿ ಹೊಳಪಿಲ್ಲದ ಬಿಲ್ಲೆ ಉಳಿಯುತ್ತದೆ. ನೋಡಲು ಮೆತ್ತಗಿರುವ ಮೆಲಮೈನ್ ಸ್ಪಂಜು ಕೂಡ ಬಹಳ ನಯವಾದ ಸ್ಯಾಂಡ್‌ಪೇಪರೇ.

ರಿಪೇರಿಗೆ ಕೊಡುವಾಗಲೂ ಎಚ್ಚರ ಬೇಕು. ಸೋಲ್ ಅಂಟಿಸಲೋ ಹಿಮ್ಮಡಿ ಹಾಕಿಸಲೋ ಕೊಟ್ಟಾಗ ಶೂ ರಿಪೇರಿಯವರು ಕೆಲಸ ಮುಗಿಸಿ ಪ್ರೀತಿಯಿಂದಲೇ ಒಂದು ಕೈ ಪಾಲಿಶ್ ಹೊಡೆದು ಕೊಡುತ್ತಾರೆ. ‘ಅಣ್ಣಾ, ಇದು ಪೇಟೆಂಟ್, ಪಾಲಿಶ್ ಹಾಕಬೇಡಿ, ಬಟ್ಟೆಯಲ್ಲಿ ಒರೆಸಿದರೆ ಸಾಕು’ ಅಂತ ಮೊದಲೇ ಹೇಳಿಬಿಡಿ.

ಮಳೆಗಾಲದಲ್ಲಿ ಇಡುವ ಬಗೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಈ ಶೂಗಳಿಗೆ ಗೀರಿಗಿಂತ ದೊಡ್ಡ ಶತ್ರು. ಬೂಷ್ಟು ಒಳಗಿನ ಚರ್ಮಕ್ಕೆ, ಹೊಲಿಗೆಗೆ ಬರುತ್ತದೆ. ಅದು ಒರೆಸಿದರೆ ಹೋಗುತ್ತದೆ. ಪಾಲಿಯುರೆಥೇನ್ ಮಾತ್ರ ವರ್ಷಾನುಗಟ್ಟಲೆ ತೇವ ಕುಡಿದರೆ ಒಳಗೊಳಗೇ ಒಡೆಯುತ್ತಾ ಬಂದು ಒಂದು ದಿನ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಹಾಗಾದ ಮೇಲೆ ಪೌಡರ್ ಹಾಕಿ ಒಂದು ದಿನದ ಮಟ್ಟಿಗೆ ಅಂಟು ಅಡಗಿಸಬಹುದು, ಅದಕ್ಕಿಂತ ಹೆಚ್ಚಿನದು ಆಗದು. ಹಾಗೆಂದು ಒಲೆಯ ಪಕ್ಕವೋ ಹಂಡೆಯ ಬಳಿಯೋ ಇಟ್ಟು ಒಣಗಿಸಬೇಡಿ. ಬಿಸಿಗೆ ಪದರ ಮೆತ್ತಗಾಗಿ ತಾಗಿದ್ದಕ್ಕೆ ಅಂಟುತ್ತದೆ, ಆರಿದಾಗ ಬಿರುಕು ಬಿಡುತ್ತದೆ. ಬಿಸಿಲೂ ಹೇರ್ ಡ್ರೈಯರೂ ಅದೇ ಲೆಕ್ಕ.

ಒಳಗೆ ಅಚ್ಚಿಲ್ಲದ ಬಿಳಿ ಕಾಗದ ತುಂಬಿ, ಒಂದೊಂದು ಶೂವನ್ನೂ ಬೇರೆ ಬೇರೆ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಎರಡು ಪೇಟೆಂಟ್ ಮುಖ ಒಂದಕ್ಕೊಂದು ತಾಗಿದರೆ ಅಂಟಿಕೊಂಡು, ಬಿಡಿಸುವಾಗ ಒಂದರ ಪದರ ಇನ್ನೊಂದಕ್ಕೆ ಬರುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ತೇವ ಒಳಗೇ ಉಳಿಯುತ್ತದೆ. ಪೆಟ್ಟಿಗೆಗೆ ಎರಡು ಮೂರು ಸಿಲಿಕಾ ಜೆಲ್ ಚೀಟಿ ಹಾಕಿ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊಳವಾದ ದಿನ ನೋಡಿ ತೆಗೆದು, ನೆರಳಿನಲ್ಲಿ ಒಂದೆರಡು ಗಂಟೆ ಗಾಳಿಗಿಟ್ಟು, ಒಳಗಿನ ಕಾಗದ ಬದಲಿಸಿ. ಬೈಕಿನಲ್ಲಿ ಮದುವೆಗೆ ಹೋಗುವವರು ಚಪ್ಪಲಿಯಲ್ಲೇ ಹೋಗಿ ಮಂಟಪದಲ್ಲಿ ಶೂ ಹಾಕಿಕೊಳ್ಳಲಿ. ಇಲ್ಲವೇ ಎಡಗಾಲಿನ ತುದಿಗೆ ಹಳೆಯ ಕಾಲುಚೀಲವೊಂದನ್ನು ಮೇಲಿನಿಂದ ತೊಡಿಸಿಕೊಂಡರೆ ಗೇರ್ ಲಿವರಿನ ಪಟ್ಟೆ ಬೀಳುವುದೇ ಇಲ್ಲ.