ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದ ಅಮ್ಮನ ಫೋನು

ಶುರುವಿನಲ್ಲಿ ಎರಡು ದಿನಕ್ಕೊಮ್ಮೆ ಆಗುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ದಿನಕ್ಕೆ ನಾಲ್ಕೈದು ಸಲ ಅಮ್ಮನ ಫೋನು ತಾನಾಗಿ ಆರಿ, ಮತ್ತೆ ಹೊತ್ತಿಕೊಳ್ಳತೊಡಗಿತು. ಪ್ರತಿ ಸಲವೂ ಅಮ್ಮ, "ನಾನೇ ಏನನ್ನೋ ಒತ್ತಿಬಿಟ್ಟೆನೇನೋ" ಎಂದು ಅಳುಕುತ್ತಿದ್ದಳು. ನನಗೆ ಫೋನಿಗಿಂತ ಆ ಅಳುಕೇ ಹೆಚ್ಚು ನೋವು ಕೊಟ್ಟಿತು. ಹತ್ತಿರದ ರಿಪೇರಿ ಅಂಗಡಿಯವರು ಫೋನನ್ನು ಬಿಚ್ಚಿಯೂ ನೋಡದೆ, ಬೋರ್ಡ್ ಹೋಗಿದೆ, ಹೊಸದು ಕೊಳ್ಳಿ ಎಂದರು. ನಾನು ಒಪ್ಪಲಿಲ್ಲ.

ಮೊದಲು ಸುಲಭದ ಕೆಲಸಗಳು. ಕವರ್ ತೆಗೆದೆ, ಪವರ್ ಬಟನ್ನನ್ನು ಅದು ಅದುಮುತ್ತಿದ್ದರೂ ಹೀಗಾಗಬಹುದು. ಮೆಮೊರಿ ಕಾರ್ಡ್ ಹೊರಗಿಟ್ಟೆ. ತುಂಬಿ ತುಳುಕುತ್ತಿದ್ದ ಸ್ಟೋರೇಜಿನಿಂದ ಶುಭೋದಯದ ವಿಡಿಯೊಗಳನ್ನು ಅಳಿಸಿದೆ. ಯಾವುದರಿಂದಲೂ ಗುಣ ಕಾಣಲಿಲ್ಲ.

ಆಮೇಲೆ ಸೇಫ್ ಮೋಡ್. ಅಮ್ಮನ ಫೋನಿನಲ್ಲಿ ಪವರ್ ಬಟನ್ ಒತ್ತಿ ಹಿಡಿದಾಗ ಬರುವ ಪವರ್ ಆಫ್ ಗುರುತನ್ನು ಬೆರಳೆತ್ತದೆ ಒತ್ತಿದರೆ ಅದು ಸಿಗುತ್ತದೆ. ನಾವು ಹಾಕಿಕೊಂಡ ಆ್ಯಪ್‌ಗಳು ಅಲ್ಲಿ ಓಡುವುದಿಲ್ಲ. ಒಂದು ಇಡೀ ದಿನ ಹಾಗೆಯೇ ಬಳಸಲು ಹೇಳಿದೆ. ಅಂದೂ ಮೂರು ಸಲ ರೀಸ್ಟಾರ್ಟ್ ಆಯಿತು. ಅಂದರೆ ತಪ್ಪು ಆ ಆ್ಯಪ್‌ಗಳದ್ದಲ್ಲ. ಹಾಗಾಗಿ ಫ್ಯಾಕ್ಟರಿ ರೀಸೆಟ್ ಮಾಡುವ, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವ, ಅದಕ್ಕಾಗಿ ಅಮ್ಮನ ಫೋಟೊ, ಸಂದೇಶಗಳನ್ನೆಲ್ಲ ಎತ್ತಿಟ್ಟು ಮತ್ತೆ ತುಂಬುವ ರಗಳೆಯನ್ನು ಸದ್ಯಕ್ಕೆ ಮುಂದಕ್ಕೆ ತಳ್ಳಿದೆ.

ದಾರಿ ತೋರಿಸಿದ್ದು ಹಾಲಿನ ಲೆಕ್ಕದ ಹಳೆಯ ಪುಸ್ತಕ. ಫೋನು ಆರಿದಾಗಲೆಲ್ಲ ಹೊತ್ತು, ಚಾರ್ಜ್ ಎಷ್ಟಿತ್ತು, ಏನು ಮಾಡುತ್ತಿದ್ದೆ ಎಂಬ ಮೂರನ್ನೇ ಬರೆದಿಡು ಎಂದೆ. ಅಮ್ಮ ಅಚ್ಚುಕಟ್ಟಾಗಿ ಬರೆದಳು. ಐದನೆಯ ದಿನ ಓದುತ್ತಾ ಹೋದಂತೆ ಎಲ್ಲ ಬಿಡಿಸಿಕೊಂಡಿತು: ಹೆಚ್ಚಿನವು ಚಾರ್ಜ್ ನಲವತ್ತಕ್ಕಿಂತ ಕೆಳಗಿದ್ದಾಗ, ಫ್ಲ್ಯಾಶ್ ಹಾಕಿ ಫೋಟೊ ತೆಗೆದಾಗ, ವಿಡಿಯೊ ಕರೆಯಲ್ಲಿದ್ದಾಗ, ಸಿಗ್ನಲ್ ಸರಿಯಾಗಿ ಸಿಗದ ಹಿತ್ತಲಿನಲ್ಲಿ ಮಾತನಾಡುವಾಗ. ಚಾರ್ಜರ್ ಸಿಕ್ಕಿಸಿದ್ದಾಗ ಒಮ್ಮೆಯೂ ಇಲ್ಲ.

ಇವೆಲ್ಲ ಬ್ಯಾಟರಿಯಿಂದ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುವ ಕೆಲಸಗಳು. ಸಿಗ್ನಲ್ ಕ್ಷೀಣವಾದಷ್ಟೂ ಟವರನ್ನು ಮುಟ್ಟಲು ಫೋನು ಹೆಚ್ಚು ಶಕ್ತಿ ಸುರಿಯುತ್ತದೆ. ಲಿಥಿಯಂ ಅಯಾನ್ ಬ್ಯಾಟರಿ ಹಳೆಯದಾದಂತೆ ಅದರ ಒಳರೋಧ, ಅಂದರೆ ಕರೆಂಟಿನ ಹರಿವಿಗೆ ಬ್ಯಾಟರಿಯೊಳಗೇ ಆಗುವ ತಡೆ, ಏರುತ್ತದೆ. ಹಠಾತ್ತನೆ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಪರದೆಯ ಮೇಲೆ 38 ಶೇಕಡ ಎಂದಿದ್ದರೂ ಆ ಕ್ಷಣಕ್ಕೆ ಪ್ರೊಸೆಸರಿಗೆ ಸಾಕಾಗುವಷ್ಟು ವೋಲ್ಟೇಜ್ ಇರುವುದಿಲ್ಲ. ಆಪಲ್ ಕಂಪನಿ 2017ರಲ್ಲಿ ಹಳೆಯ ಐಫೋನ್‌ಗಳ ವೇಗವನ್ನು ತಗ್ಗಿಸಿದ್ದು ಇಂಥ ಹಠಾತ್ ಸ್ಥಗಿತವನ್ನು ತಡೆಯಲೆಂದೇ. ಬಳಕೆದಾರರಿಗೆ ಅದನ್ನು ಮೊದಲೇ ತಿಳಿಸಬೇಕಿತ್ತು ಎಂಬುದು ಬೇರೆ ಮಾತು.

ಖಚಿತಪಡಿಸಿಕೊಳ್ಳಲು ಪವರ್ ಬ್ಯಾಂಕ್ ಸಿಕ್ಕಿಸಿ ಅರ್ಧ ಗಂಟೆ ವಿಡಿಯೊ ಕರೆ ಮಾಡಿದೆ, ಅಲುಗಲಿಲ್ಲ. ಕಳಚಿ ಫ್ಲ್ಯಾಶ್ ಹಾಕಿ ನಾಲ್ಕನೆಯ ಫೋಟೊ ತೆಗೆಯುವಾಗ ಆರಿತು.

ಇನ್ನೊಂದು ಅಂಗಡಿಯಲ್ಲಿ ಬ್ಯಾಟರಿ ಬದಲಿಸಿದೆವು. ಹಿಂಬದಿ ಬಿಚ್ಚಿದಾಗ ಹಳೆಯ ಬ್ಯಾಟರಿ ತುಸು ಉಬ್ಬಿತ್ತು. ನೋಡಿ ಎದೆ ಧಸಕ್ಕೆಂದಿತು, ಏಕೆಂದರೆ ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಲೇಬಾರದು. ಬೆಂಕಿ ಹತ್ತುವ ಅಪಾಯವಿದೆ. ಹಿಂಬದಿಯ ಮುಚ್ಚಳ ಅಂಚಿನಲ್ಲಿ ಎದ್ದಿದೆಯೇ ಎಂದು ನಾನು ಮೊದಲ ದಿನವೇ ನೋಡಬೇಕಿತ್ತು. ಇದನ್ನು ಓದುವವರು ದಯವಿಟ್ಟು ಅಲ್ಲಿಂದಲೇ ಶುರು ಮಾಡಿ. ಹಳೆಯದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟೆವು.

ಹೊಸ ಬ್ಯಾಟರಿ ಹಾಕಿದ ಮೂರನೆಯ ವಾರ ಒಂದು ರಾತ್ರಿ ಮತ್ತೆ ರೀಸ್ಟಾರ್ಟ್ ಆಗಿದೆ ಎಂದು ಅಮ್ಮ ಕರೆ ಮಾಡಿದಳು. ಸೆಟ್ಟಿಂಗ್ಸ್‌ನಲ್ಲಿ ಏನು ಕಾಣುತ್ತದೆ ಎಂದು ಓದಿಸಿದೆ. ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಆಗಿತ್ತು, ಅಷ್ಟೇ. "ಹಾಗಾದರೆ ನಾನು ಏನನ್ನೂ ಒತ್ತಿರಲಿಲ್ಲ" ಎಂದಳು ಅಮ್ಮ. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ.