ವಿದ್ಯಾರ್ಥಿವೇತನ ಕೈತಪ್ಪದಿರಲು ವರ್ಷವಿಡೀ ಇಡಬೇಕಾದ ಲೆಕ್ಕ

ವಿದ್ಯಾರ್ಥಿವೇತನ ಮಂಜೂರಾಗುವ ತನಕ ಇರುವ ಜಾಗ್ರತೆ ಮಂಜೂರಾದ ಮೇಲೆ ಉಳಿಯುವುದಿಲ್ಲ. ಮೊದಲ ವರ್ಷದ ಹಣ ಖಾತೆಗೆ ಬಂದರೆ ಮುಂದಿನದೂ ತಾನಾಗಿಯೇ ಬರುತ್ತದೆಂದು ನಂಬಿ ಕೂರುವ ಮನೆಗಳನ್ನು ಶಿರಸಿ, ಕುಮಟಾ ಕಡೆಗಳಲ್ಲಿ ನಾನು ಸಾಕಷ್ಟು ಕಂಡಿದ್ದೇನೆ. ವಾಸ್ತವದಲ್ಲಿ ಪ್ರತಿ ವರ್ಷವೂ ನವೀಕರಣದ ಅರ್ಜಿ ಹಾಕಬೇಕಾಗುತ್ತದೆ, ಮತ್ತು ಆ ಅರ್ಜಿಯ ಹಣೆಬರಹವನ್ನು ಹಿಂದಿನ ವರ್ಷದ ಹಾಜರಾತಿ ಮತ್ತು ಅಂಕಪಟ್ಟಿಗಳು ಆಗಲೇ ಬರೆದಿಟ್ಟಿರುತ್ತವೆ.

ಮೊದಲು ನಿಮಗೆ ಬರುತ್ತಿರುವುದು ಯಾವ ಯೋಜನೆಯ ಹಣ ಎಂಬುದನ್ನು ಖಚಿತಪಡಿಸಿಕೊಳ್ಳಿ. ಪಿಯುಸಿಯ ಅಂಕಗಳ ಆಧಾರದ ಮೇಲೆ ಕೇಂದ್ರ ಸರ್ಕಾರ ಕಾಲೇಜು ವಿದ್ಯಾರ್ಥಿಗಳಿಗೆ ಕೊಡುವ, ಪದವಿಯ ಮೊದಲ 3 ವರ್ಷ ವರ್ಷಕ್ಕೆ 12,000 ರೂಪಾಯಿಯ ವಿದ್ಯಾರ್ಥಿವೇತನ ಮುಂದುವರಿಯಬೇಕಾದರೆ ಹಿಂದಿನ ವರ್ಷದಲ್ಲಿ ಕನಿಷ್ಠ ಶೇ. 50 ಅಂಕ ಮತ್ತು ಶೇ. 75 ಹಾಜರಾತಿ ಇರಬೇಕು. ರಾಜ್ಯದ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್ ಮೂಲಕ ಬರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೂ, ರೈತರ ಮಕ್ಕಳಿಗೆಂದು 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಗೂ ನಿಯಮಗಳು ಬೇರೆ ಬೇರೆ. ಆದ್ದರಿಂದ ಪಕ್ಕದ ಬೆಂಚಿನ ಗೆಳೆಯನಿಗೆ ಅನ್ವಯಿಸುವ ನಿಯಮವೇ ನಿಮಗೂ ಅನ್ವಯಿಸುತ್ತದೆಂದು ತಿಳಿಯಬೇಡಿ; ನಿಮ್ಮ ಯೋಜನೆಯ ಮಾರ್ಗಸೂಚಿಯಲ್ಲಿ ನವೀಕರಣದ ಭಾಗವನ್ನು ಒಮ್ಮೆ ಸ್ವತಃ ಓದಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಂಕಕ್ಕಿಂತ ಹಾಜರಾತಿಯೇ ಹೆಚ್ಚು ಕಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಘೋಷಿಸಿದ ದಿನ ತರಗತಿಯೇ ನಡೆಯದ ಕಾರಣ ನಿಮ್ಮ ಲೆಕ್ಕ ಕೆಡುವುದಿಲ್ಲ. ಆದರೆ ಕಾಲೇಜು ನಡೆದು, ನಿಮ್ಮೂರಿನ ಬಸ್ಸು ಮಾತ್ರ ಬಾರದಿದ್ದರೆ ಅದು ಗೈರುಹಾಜರಿಯೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ, ಮತ್ತೆ ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಬಿದ್ದಾಗ, ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಕರಾವಳಿಯವರಿಗೆ ಅರ್ಥವಾಗಿರಬೇಕು. ಅಂಥ ಸಂದರ್ಭದಲ್ಲಿ ಅದೇ ವಾರದಲ್ಲಿ ಪ್ರಾಂಶುಪಾಲರಿಗೆ ಕಾರಣಸಹಿತ ಪತ್ರ ಬರೆದು, ಅದರ ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳಿ. ಸೆಮಿಸ್ಟರ್ ಮುಗಿದ ಮೇಲೆ ಹೇಳುವ ಕಾರಣಕ್ಕೆ ಯಾರೂ ಕಿವಿಗೊಡುವುದಿಲ್ಲ.

ಲೆಕ್ಕ ಹೀಗೆ ಮಾಡಿ. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 60 ತರಗತಿಗಳಿದ್ದರೆ ಶೇ. 75ಕ್ಕೆ 45 ಬೇಕು, ಎಂದರೆ 15 ತಪ್ಪಬಹುದು. ಮಳೆಗಾಲದಲ್ಲಿ ನಡೆದ ಮೊದಲ 24 ತರಗತಿಗಳಲ್ಲೇ 10 ತಪ್ಪಿದ್ದರೆ, ಉಳಿದ 36ರಲ್ಲಿ 31ಕ್ಕೆ ಹೋಗಲೇಬೇಕು. ಕೈಯಲ್ಲಿ ಉಳಿಯುವುದು ಐದೇ. ಆ ಐದನ್ನು ಅಡಿಕೆಯ ಕೊನೆಕೊಯ್ಲಿಗೆ ತೋಟದಲ್ಲಿ ನಿಲ್ಲುವುದಕ್ಕೋ ಜ್ವರಕ್ಕೋ ಇಟ್ಟುಕೊಳ್ಳಬೇಕು. (ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದೇ ಶಿರಸಿಯ ವಿದ್ಯಾರ್ಥಿಗಳ ಪುಣ್ಯ.) ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂತೆ ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ ಕಡೆ ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲೂ ಶೇ. 85 ಹಾಜರಾತಿ ಬೇಕಾಗಿರುವುದರಿಂದ ಅಲ್ಲಿ ಇದೇ 60ರಲ್ಲಿ ತಪ್ಪಬಹುದಾದದ್ದು 9 ಮಾತ್ರ. ನನ್ನ ತಂಗಿ ಪದವಿಯಲ್ಲಿದ್ದಾಗ ಒಟ್ಟು ಸರಾಸರಿ ಶೇ. 80 ಇದೆಯೆಂದು ನಿಶ್ಚಿಂತೆಯಿಂದಿದ್ದು, ಒಂದೇ ಒಂದು ವಿಷಯದಲ್ಲಿ ಶೇ. 71ಕ್ಕೆ ಇಳಿದದ್ದು ತಿಳಿದದ್ದು ಹಾಲ್ ಟಿಕೆಟ್ ತಡೆಹಿಡಿದ ದಿನ. ಅಂದಿನಿಂದ ನಮ್ಮ ಮನೆಯ ಕ್ಯಾಲೆಂಡರಿನ ಹಿಂದೆ ವಿಷಯವಾರು ಗೀಟು ಎಳೆಯುವ ಪದ್ಧತಿ ಬಂತು. ತಿಂಗಳಿಗೊಮ್ಮೆ ಆ ಗೀಟುಗಳನ್ನು ಉಪನ್ಯಾಸಕರ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿದರೆ ಸಾಕು.

ಅಂಕಗಳ ವಿಷಯದಲ್ಲಿ ಗಮನಿಸಬೇಕಾದದ್ದು ಎರಡೂ ಸೆಮಿಸ್ಟರುಗಳ ಮೊತ್ತ. ಮೊದಲ ಸೆಮಿಸ್ಟರಿನಲ್ಲಿ 700ಕ್ಕೆ 338 ಬಂದು ಶೇ. 50ಕ್ಕಿಂತ ಕೆಳಗೆ ಇಳಿದಿದ್ದರೂ, ಎರಡನೆಯದರಲ್ಲಿ 370 ಬಂದರೆ ಒಟ್ಟು 1,400ಕ್ಕೆ 708 ಆಗಿ ಶೇ. 50 ದಾಟುತ್ತದೆ. ಹಾಗಾಗಿ ಮೊದಲ ಫಲಿತಾಂಶ ಬಂದ ದಿನವೇ ಇನ್ನೆಷ್ಟು ಬೇಕೆಂದು ಕೂಡಿ ಕಳೆದು ನೋಡಿ. ಒಂದೆರಡು ಅಂಕಗಳ ಅಂತರ ಇದ್ದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವುದು ದುಡ್ಡು ದಂಡವಲ್ಲ. ಆದರೆ ಅದಕ್ಕಿರುವ ಗಡುವು ಚಿಕ್ಕದು. ಅಂಕಪಟ್ಟಿಯಲ್ಲಿ ಗ್ರೇಡ್ ಮಾತ್ರ ಇದ್ದರೆ ಅಂದಾಜಿನ ಶೇಕಡಾವಾರು ತುಂಬದೆ, ವಿಶ್ವವಿದ್ಯಾಲಯದ ಸೂತ್ರದಂತೆ ಲೆಕ್ಕ ಹಾಕಿ ಕಾಲೇಜಿನಿಂದ ದೃಢೀಕರಿಸಿಕೊಳ್ಳಿ. ಬ್ಯಾಕ್ (ತೇರ್ಗಡೆಯಾಗದ ವಿಷಯ) ಉಳಿದಿದ್ದರೆ ಅದನ್ನು ಮುಚ್ಚಿಡದೆ, ನಿಮ್ಮ ಯೋಜನೆಯಲ್ಲಿ ಅದರ ಪರಿಣಾಮವೇನೆಂದು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ನೇರವಾಗಿ ಕೇಳುವುದು ಒಳ್ಳೆಯದು.

ಅರ್ಜಿ ತುಂಬುವಾಗ ಹಳೆಯ ನೋಂದಣಿ ಸಂಖ್ಯೆಯಿಂದಲೇ ನವೀಕರಣ ವಿಭಾಗಕ್ಕೆ ಹೋಗಬೇಕೇ ಹೊರತು ಹೊಸ ಅರ್ಜಿ ಹಾಕಬಾರದು. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೆಂದೂ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೆಂದೂ ಮುಂಚಿತವಾಗಿ ನೋಡಿಕೊಳ್ಳಿ. ಸಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ: ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದೆ ಕಳಿಸಬೇಕು, ಮತ್ತು ಒಂದು ಅಂಕೆ ತಪ್ಪಿದರೂ ಅರ್ಜಿ ತಿದ್ದುಪಡಿಗೆಂದು ನಿಮ್ಮ ಲಾಗಿನ್‌ಗೇ ಮರಳಿ ಬಂದು, ನೀವು ತೆರೆದು ನೋಡುವವರೆಗೆ ಅಲ್ಲಿಯೇ ಬಿದ್ದಿರುತ್ತದೆ. ಆದ್ದರಿಂದ ಪರಿಶೀಲನೆ ಪೂರ್ಣಗೊಂಡಿದೆ ಎಂಬ ಸ್ಥಿತಿ ಕಾಣುವವರೆಗೆ ವಾರಕ್ಕೊಮ್ಮೆ ಪೋರ್ಟಲ್ ತೆರೆದು ನೋಡುತ್ತಿರಿ.